ತೋಟದೊಳಗಿನ ಚಿತ್ತಾರದ ಊಟದ ಮನೆ: ಮೊದಲ ಸಲ ಹೋಗುವವರಿಗೆ

ಸಾಗರ ಪೇಟೆ ದಾಟಿ, ಡಾಂಬರು ಬಿಟ್ಟು, ಕೆಮ್ಮಣ್ಣಿನ ರಸ್ತೆ ಹಿಡಿದು, ಎರಡು ಸಂಕ (ಹಳ್ಳದ ಮೇಲಿನ ಸಣ್ಣ ಸೇತುವೆ) ದಾಟಿದರೆ ಅಡಿಕೆ ತೋಟದ ತಲೆಯಲ್ಲಿ ಒಂದು ಹೆಂಚಿನ ಮನೆ. ಹೊರಗಡೆ ಬೋರ್ಡು ಇಲ್ಲ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಚಿತ್ತಾರ. ಮಾಡಿನಿಂದ ಇಳಿಬಿಟ್ಟ ಅಡಿಕೆ ಹಾಳೆಯ ಮುಖವಾಡಗಳು. ಯಾವುದೋ ಹಳೇ ನಾಟಕ ತಂಡದ ರಟ್ಟಿನ ಕಿರೀಟ. ಬಾವಿಯ ರಾಟೆಯೊಂದು ದೀಪವಾಗಿ ತೂಗುತ್ತಿದೆ. ಒಟ್ಟು ಆರು ಮೇಜು. ಮೇಜಿಗೆ ನಂಬರ್ ಇಲ್ಲ, ಒಂದೊಂದಕ್ಕೂ ಒಂದು ಚಿತ್ರ ಬರೆದಿದ್ದಾರೆ. ನೀವು ಮಂಗಟ್ಟೆ ಮೇಜಿಗೆ ಕೂರಬಹುದು, ಕೆಂದಳಿಲಿನ ಮೇಜಿಗೆ ಕೂರಬಹುದು, ಕಾಡುಪಾಪದ ಮೇಜಿಗೂ ಕೂರಬಹುದು.

ಇಂಥ ಜಾಗಗಳು ಈಗ ಮಲೆನಾಡಿನಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಹೋಮ್‌ಸ್ಟೇ ಅಲ್ಲ, ಪೇಟೆಯ ಹೋಟೆಲ್ಲೂ ಅಲ್ಲ. ಒಂದು ಮನೆಯವರು ತಮ್ಮ ಜಗಲಿ, ನಡುಮನೆಯನ್ನೇ ಊಟದ ಜಾಗ ಮಾಡಿಕೊಂಡು, ತಮಗೆ ಇಷ್ಟ ಬಂದ ಚಿತ್ರ, ಬೊಂಬೆ, ಹಳೇ ಸಾಮಾನುಗಳಿಂದ ತುಂಬಿರುತ್ತಾರೆ. ನಾನು ಹೇಳುತ್ತಿರುವ ಮನೆಯ ಹೆಸರು ಇಲ್ಲಿ ಹಾಕಿಲ್ಲ. ಮನೆಯವರೇ ಬೇಡ ಎಂದರು. ಆರು ಮೇಜಿನ ಜಾಗಕ್ಕೆ ಒಂದು ಭಾನುವಾರ ಅರವತ್ತು ಜನ ಬಂದರೆ ಯಾರಿಗೂ ಊಟ ಸಿಗುವುದಿಲ್ಲ, ಗೋಡೆಯೂ ಉಳಿಯುವುದಿಲ್ಲ. ಆದರೆ ಇಂಥ ಯಾವ ಮನೆಗೆ ಮೊದಲ ಸಲ ಹೋಗುವಾಗಲೂ ಕೆಲವು ವಿಷಯ ಗೊತ್ತಿದ್ದರೆ ಒಳ್ಳೆಯದು. ಅದನ್ನು ಹೋಗುವ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಜಾಗ ಹುಡುಕುವುದು

ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಸಿಕ್ಕರೂ ಗುರುತು ಎಲ್ಲೋ ಬೇರೆಯವರ ಗದ್ದೆಯ ಮಧ್ಯೆ ಬಿದ್ದಿರುತ್ತದೆ. ಇಂಥ ಮನೆಗಳು ಬಾಯಿಂದ ಬಾಯಿಗೆ ಗೊತ್ತಾಗುವಂಥವು. ಹಾಗಾಗಿ ಚಿತ್ರ, ನಾಟಕ, ಕೈಕೆಲಸ ಮಾಡುವ ಜನ ಸೇರುವ ಕಡೆ ಕೇಳಿ. ನಮ್ಮ ಪುಣ್ಯಕ್ಕೆ ಸಾಗರ ಸೀಮೆಯಲ್ಲಿ ಅಂಥ ಜಾಗಗಳಿಗೆ ಬರ ಇಲ್ಲ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ 1949ರಿಂದ ಇದೆ. ನಾಟಕ ನೋಡಲು, ಕಲಿಯಲು ದೂರದೂರದಿಂದ ಬರುವವರಿಗೆ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಅನ್ನುವುದು ಚೆನ್ನಾಗಿಯೇ ಗೊತ್ತಿರುತ್ತದೆ. ಅದೇ ಊರಿನಲ್ಲಿ ಚರಕ ಎಂಬ ಸಹಕಾರ ಸಂಘದ ಹೆಣ್ಣುಮಕ್ಕಳು ಕೈಮಗ್ಗದ ಬಟ್ಟೆಗೆ ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದ ನೀರು) ನೈಸರ್ಗಿಕ ಬಣ್ಣ ಹಾಕುತ್ತಾರೆ. ಸಾಗರ, ಸೊರಬದಲ್ಲಿ ಗಂಧದ ಕೆತ್ತನೆಯ ಗುಡಿಗಾರರ ಮನೆಗಳಿವೆ. ಇವರಲ್ಲಿ ಯಾರನ್ನಾದರೂ ಕೇಳಿ. ಸುಮ್ನೆ ವಿಳಾಸ ಕೇಳಿ ಓಡಬೇಡಿ. ಐದು ನಿಮಿಷ ನಿಂತು ಅವರ ಕೆಲಸ ನೋಡಿ. ಆಮೇಲೆ ಫೋನ್ ನಂಬರ್ ತಾನಾಗಿ ಬರುತ್ತದೆ.

ಫೋನ್ ಮಾಡದೆ ಹೊರಡಬೇಡಿ

ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಈ ಮನೆಗಳಲ್ಲಿ ಎಷ್ಟು ಜನ ಬರುತ್ತಾರೆ ಎಂದು ಗೊತ್ತಾದ ಮೇಲೆಯೇ ಅಕ್ಕಿ ಅಳೆಯುವುದು.

ನನ್ನ ಮೊದಲ ಸಲದ ಕಥೆ ಹೇಳುತ್ತೇನೆ. ಆಗಸ್ಟ್ ತಿಂಗಳು, ಜೋಗಕ್ಕೆ ಹೋಗಿ ವಾಪಸ್ ಬರುತ್ತಿದ್ದೆವು. ನಾಲ್ಕು ಜನ. ಯಾರೋ ಹೇಳಿದ್ದ ಗುರುತು ಹಿಡಿದು ಮಳೆಯಲ್ಲಿ ಆ ಮನೆ ಮುಟ್ಟಿದಾಗ ಎರಡೂವರೆ ಗಂಟೆ. ಒಲೆ ಆರಿತ್ತು. ಮನೆಯೊಡತಿ ಬೇಸರ ತೋರಿಸಲಿಲ್ಲ. ಕೂರಿಸಿ, ಅವಲಕ್ಕಿಗೆ ಮಜ್ಜಿಗೆ, ಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟರು. ಹಸಿದಿದ್ದೆವು, ಖುಷಿಯಿಂದ ತಿಂದೆವು. ಅವರು ಆ ಹೊತ್ತಿನವರೆಗೂ ಊಟ ಮಾಡಿರಲಿಲ್ಲ, ನಮಗೆ ಬಡಿಸಿದ್ದು ತಮಗೆಂದು ಕಲಸಿಟ್ಟ ಅವಲಕ್ಕಿ ಎನ್ನುವುದು ಎರಡನೇ ಸಲ ಹೋದಾಗ ಮಾತಿನ ನಡುವೆ ತಿಳಿಯಿತು. ಅವತ್ತು ನನಗಾದ ಸಂಕಟ ಇನ್ನೂ ಮರೆತಿಲ್ಲ. ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಹಿಂದಿನ ದಿನ ಬೆಳಿಗ್ಗೆಯೇ ಮಾಡಿ. ಎಷ್ಟು ಜನ, ಎಷ್ಟು ಹೊತ್ತಿಗೆ, ಮಕ್ಕಳು ಎಷ್ಟು, ಖಾರ ಹೇಗಿರಬೇಕು ಎಂದು ಹೇಳಿ. ಮಾಂಸದ ಅಡುಗೆ ಬೇಕಿದ್ದರೆ ಮೊದಲೇ ಕೇಳಿ. ಕೆಲವು ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ಕೋಳಿ ಸಾರು, ಕಜ್ಜಾಯವೇ ಮುಖ್ಯ ಅಡುಗೆ. ಎರಡೂ ಮಲೆನಾಡಿನ ಊಟವೇ. ಊಟಕ್ಕೆ ಎಷ್ಟು ಎಂದೂ ಫೋನಿನಲ್ಲೇ ಕೇಳಿಬಿಡಿ, ಅದರಲ್ಲಿ ಸಂಕೋಚ ಬೇಡ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು, ಸಿಗ್ನಲ್ ಎರಡೂ ಹೋಗಿರುತ್ತವೆ. ಫೋನ್ ಸಿಗದಿದ್ದರೆ ಮೆಸೇಜ್ ಹಾಕಿ, ಉತ್ತರ ಬಂದ ಮೇಲೆ ಹೊರಡಿ.

ಯಾವ ಕಾಲ, ಯಾವ ಹೊತ್ತು

ಪ್ರತಿ ಕಾಲಕ್ಕೂ ಒಂದೊಂದು ಊಟ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಳಲೆ (ಎಳೆ ಬಿದಿರು), ಕೆಸುವಿನ ಎಲೆ, ಅಣಬೆ. ಬೇಸಿಗೆಯಲ್ಲಿ ಹಲಸು, ಅಪ್ಪೆಮಿಡಿ ಎನ್ನುವ ಮಾವಿನ ಮಿಡಿ, ಮುರುಗಲು (ಕೋಕಂ). ಚಳಿಗಾಲದಲ್ಲಿ ಕಬ್ಬಿನ ಆಲೆಮನೆ ಶುರುವಾದರೆ ನೀರಾದ ಜೋನಿ ಬೆಲ್ಲ, ಕಬ್ಬಿನ ಹಾಲಿನ ತೆಳು ಸಿಹಿ ತೊಡೆದೇವು.

ನನ್ನ ಮಾತು ಕೇಳಿದರೆ ಮೊದಲ ಸಲಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಮಳೆ ಹಿಂದೆ ಸರಿದಿರುತ್ತದೆ, ಹಸಿರು ಹಾಗೇ ಇರುತ್ತದೆ, ಕೆಮ್ಮಣ್ಣಿನ ರಸ್ತೆಯಲ್ಲಿ ಕಾರಿನ ಚಕ್ರ ಹೂತು ಹೋಗುವುದಿಲ್ಲ. ಮಳೆಗಾಲದಲ್ಲೇ ಹೋಗುವ ಆಸೆ ಇದ್ದರೆ ಖಂಡಿತ ಹೋಗಿ, ಊಟ ಇನ್ನೂ ರುಚಿ. ಆದರೆ ಉಂಬಳ (ಜಿಗಣೆ) ಇರುತ್ತವೆ. ಕಾಲಿಗೆ ಕಚ್ಚಿಕೊಂಡರೆ ಕಿತ್ತೆಳೆಯಬೇಡಿ. ಸ್ವಲ್ಪ ಉಪ್ಪು ಸಾಕು, ತಾನೇ ಬಿಡುತ್ತದೆ. ಜನವರಿಯಿಂದ ಮೇವರೆಗೆ ಹೋಗುವವರು ಫೋನಿನಲ್ಲಿ ಇನ್ನೊಂದು ಮಾತು ಕೇಳಿ: ಆ ಸುತ್ತ ಮಂಗನ ಕಾಯಿಲೆ ಇದೆಯಾ ಎಂದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗು ಹುಳುವಿನಿಂದ ಹರಡುತ್ತದೆ. ಒಣ ತಿಂಗಳುಗಳಲ್ಲಿ ಜಾಸ್ತಿ. ಮಂಗ ಸತ್ತ ಸುದ್ದಿ ಇರುವ ಕಡೆ ಊಟ ಮುಗಿಸಿ ಕಾಡಿನೊಳಗೆ ಅಡ್ಡಾಡಲು ಹೋಗಬೇಡಿ. ಜಗಲಿಯಲ್ಲೇ ಕುಳಿತುಕೊಳ್ಳಿ.

ಹೊತ್ತಿನ ವಿಷಯಕ್ಕೆ ಬಂದರೆ, ಹನ್ನೊಂದೂವರೆಗೆ ಅಲ್ಲಿರಿ. ಊಟಕ್ಕೆ ಮುಂಚೆ ಗೋಡೆ ನೋಡಲು ಬೆಳಕು ಬೇಕು. ಅಡಿಕೆ ಮರಗಳ ನಡುವಿನ ಮನೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಒಳಗೆಲ್ಲ ಮಬ್ಬು.

ದಾರಿ

ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್, ಆಯನೂರು, ಕುಂಸಿ, ಆನಂದಪುರ ದಾರಿ. ಬೆಂಗಳೂರಿನವರಿಗೆ ತಾಳಗುಪ್ಪದ ರಾತ್ರಿ ರೈಲು ಇದೆ, ಬೆಳಿಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯಬಹುದು. ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದೆ. ತುಮರಿ ಕಡೆಯ ಮನೆಗಳಿಗೆ ಮುಂಚೆ ಲಾಂಚ್ ಕಾಯಬೇಕಿತ್ತು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆದ ಮೇಲೆ ಆ ಕಾಯುವ ಕೆಲಸ ತಪ್ಪಿದೆ.

ಕೊನೆಯ ನಾಲ್ಕೈದು ಕಿಲೋಮೀಟರ್ ಮಾತ್ರ ಕಷ್ಟ. ಮ್ಯಾಪನ್ನು ಸಾಗರದಲ್ಲೇ ಇಳಿಸಿಕೊಂಡಿರಿ. ಅದಕ್ಕಿಂತ ಒಳ್ಳೆಯದು, ಫೋನಿನಲ್ಲಿ ಹೇಳಿದ ಗುರುತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. "ಹಾಲಿನ ಡೈರಿ ದಾಟಿ ಎಡಕ್ಕೆ, ಭೂತಪ್ಪನ ಕಟ್ಟೆ ಸಿಗ್ತದೆ, ಅಲ್ಲಿಂದ ಕೆಳಗೆ" ಎಂದು ಹೇಳಿರುತ್ತಾರೆ. ಈ ಗುರುತುಗಳು ತಪ್ಪುವುದಿಲ್ಲ. ದಾರಿಯಲ್ಲಿ ಕೇಳುವಾಗ ಹೋಟೆಲ್ ಎಲ್ಲಿ ಎಂದು ಕೇಳಬೇಡಿ, "ಇಲ್ಲಿ ಹೋಟ್ಲು ಯಾವ್ದೂ ಇಲ್ಲ" ಎಂದುಬಿಡುತ್ತಾರೆ. ಮನೆಯವರ ಹೆಸರು ಹೇಳಿ ಕೇಳಿ. ಎದುರಿಗೆ ಅಡಿಕೆ ತುಂಬಿದ ಗಾಡಿ ಬಂದರೆ ಹಿಂದಕ್ಕೆ ಹೋಗಬೇಕಾದವರು ನೀವು. ಅವರದು ಭಾರದ ಗಾಡಿ, ಏರು ದಾರಿ.

ಉಣಗೋಲಿನಿಂದ ಜಗಲಿಯವರೆಗೆ

ಕಾರು ನಿಲ್ಲಿಸಿದ ಕಡೆಯಿಂದ ಸ್ವಲ್ಪ ದೂರ ನಡೆಯಬೇಕಾಗಬಹುದು. ಬೇಲಿಯಲ್ಲಿ ಉಣಗೋಲು ಸಿಗುತ್ತದೆ. ಎರಡು ಕಂಬಕ್ಕೆ ತೂತು ಕೊರೆದು ಅಡ್ಡಲಾಗಿ ಬಿದಿರು ತೂರಿಸಿರುವ ಬಾಗಿಲು ಅದು. ಬಿದಿರನ್ನು ಒಂದು ಕಡೆಗೆ ಸರಿಸಿ ಒಳಗೆ ಹೋಗಿ, ಮತ್ತೆ ಮೊದಲಿನ ಹಾಗೆ ಹಾಕಿ. ಇದನ್ನು ಮರೆತರೆ ಹಿಂದೆಯೇ ದನ ನುಗ್ಗುತ್ತವೆ, ವರ್ಷದ ಬೆಳೆ ಹೋಗುತ್ತದೆ.

ನವೆಂಬರ್‌ನಿಂದ ಅಂಗಳದ ತುಂಬ ಅಡಿಕೆ ಹರವಿರುತ್ತಾರೆ. ಹತ್ತಿರದ ದಾರಿ ಎಂದು ಅದರ ಮೇಲೆ ಕಾಲಿಡಬೇಡಿ, ಸುತ್ತು ಹಾಕಿ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಬಿಳಿ ಬಟ್ಟೆ ಹಾಕಿಕೊಂಡು ನಿಲ್ಲಬೇಡಿ. ಅದರ ಚೊಗರು ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ. ಆ ಕೆಂಗಂದು ಬಣ್ಣವನ್ನೇ ಚರಕದವರು ಸೀರೆಗೆ ಹಾಕುವುದು.

ನಾಯಿ ಬೊಗಳುತ್ತದೆ. ನಿಂತಲ್ಲೇ ನಿಂತು ಒಂದು ಸಲ ಕೂಗಿ, ಯಾರಾದರೂ ಬರುತ್ತಾರೆ. ಚಪ್ಪಲಿ ಕೆಳಗೆ ಬಿಟ್ಟು, ಕಾಲು ತೊಳೆದು ಜಗಲಿ ಹತ್ತಿ. ಕೂತ ಕೂಡಲೇ ಕೇಳುವ ಪ್ರಶ್ನೆ, "ಆಸರಿಗೆ ಏನು ಬೇಕು?" ಬಾಯಾರಿಕೆಗೆ ಏನು ಕುಡಿಯುತ್ತೀರಿ ಎಂದು ಅರ್ಥ. ಏನೂ ಬೇಡ ಎನ್ನಬೇಡಿ. ನೀರು ಬೆಲ್ಲವೋ, ಮಜ್ಜಿಗೆಯೋ, ಜೀರಿಗೆ ಕಷಾಯವೋ, ಬೇಕಾದ್ದನ್ನು ಬಾಯಿಬಿಟ್ಟು ಹೇಳಿ. ಬೇಸಿಗೆಯಾದರೆ ಮುರುಗಲು ಪಾನಕ ಇದೆಯಾ ಎಂದು ಕೇಳಿ ನೋಡಿ.

ಗೋಡೆಗೆ ಅರ್ಧ ಗಂಟೆ ಕೊಡಿ

ಊಟ ಬರುವುದಕ್ಕೆ ಮುಂಚೆ ಮೊಬೈಲ್ ಒಳಗಿಡಿ. ಮೊದಲು ಬರಿಗಣ್ಣಿನಲ್ಲಿ ನೋಡಿ.

ಸಾಗರ, ಸೊರಬ ಸೀಮೆಯ ಗೋಡೆಗಳಲ್ಲಿ ನಿಮಗೆ ಕಾಣುವುದು ಹಸೆ ಚಿತ್ತಾರ. ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಬರೆಯುತ್ತಾ ಬಂದ ಕಲೆ. ಮದುವೆ ಮನೆಯಲ್ಲಿ ಮದುಮಕ್ಕಳನ್ನು ಹಸೆಗೆ ಕೂರಿಸುವ ಗೋಡೆಯ ಮೇಲೆ ಇದನ್ನು ಬರೆಯುತ್ತಾರೆ, ಅದಕ್ಕೇ ಅದು ಹಸೆಗೋಡೆ. ದೂರದಿಂದ ನೋಡಿದರೆ ಬರೀ ಗೆರೆ, ಮೂಲೆ, ಚೌಕ. ಹತ್ತಿರ ಹೋದರೆ ಒಂದೊಂದೇ ಬಿಡಿಸಿಕೊಳ್ಳುತ್ತದೆ. ಮಧ್ಯದಲ್ಲಿ ಜೋಡಿಯಾಗಿ ನಿಂತವರು ಮದುಮಕ್ಕಳು. ಅವರ ಸುತ್ತ ದಂಡಿಗೆ, ಅಂದರೆ ಪಲ್ಲಕ್ಕಿ. ಮೇಲೆ ಕೆಳಗೆ ಸಾಲು ಹಿಡಿದಿರುವುದು ಭತ್ತದ ಸಸಿ, ಹಕ್ಕಿ. ಇನ್ನೊಂದು ಗೋಡೆಯಲ್ಲಿ ತೇರು ಇರಬಹುದು.

ಬಣ್ಣ ನಾಲ್ಕೇ. ಗೋಡೆಗೆ ಬಳಿದ ಕೆಮ್ಮಣ್ಣಿನ ಕೆಂಪು. ನೆನೆಸಿದ ಅಕ್ಕಿ ಅರೆದ ಬಿಳಿ. ಅದೇ ಅಕ್ಕಿಯನ್ನು ಕಪ್ಪಾಗುವವರೆಗೆ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚ ಎಂದರೆ ಪುಂಡಿ ನಾರು.

ನಾನು ಮೂರನೇ ಸಲ ಹೋದಾಗ ಪಕ್ಕದ ಊರಿನ ಹಿರಿಯ ಹೆಂಗಸೊಬ್ಬರು ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ಬರೆಯುತ್ತಿದ್ದರು. ಮೊಣಕಾಲೂರಿ ಕೂತಿದ್ದರು. ಪಕ್ಕದಲ್ಲಿ ತೆಂಗಿನ ಗರಟೆಯಲ್ಲಿ ಅಕ್ಕಿ ಹಿಟ್ಟಿನ ಬಿಳಿ. ಒಂದು ಬೆರಳುದ್ದದ ನಾರು, ತುದಿ ಜಜ್ಜಿ ಮೆತ್ತಗೆ ಮಾಡಿದ್ದು. ಅದನ್ನು ಅದ್ದಿ, ಗರಟೆಯ ಅಂಚಿಗೆ ಒಂದು ಸಲ ಒತ್ತಿ, ಗೋಡೆಗೆ ಮುಟ್ಟಿಸಿದರು. ಅಲ್ಲಿಂದ ಮೊಳದುದ್ದದ ಗೆರೆ ಒಂದೇ ಉಸಿರಿಗೆ ಇಳಿಯಿತು. ಸ್ಕೇಲ್ ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಗೆರೆ ಹಾಕಿದಾಗ ಹಸಿ ಕೆಮ್ಮಣ್ಣಿನ ಮೇಲೆ ಅದು ಕಂಡೂ ಕಾಣದ ಹಾಗೆ ಬೂದು ಬೂದಾಗಿತ್ತು. ಐದಾರು ನಿಮಿಷ ಒಣಗಿದ ಮೇಲೆ ನೋಡ ನೋಡುತ್ತಿದ್ದಂತೆ ಬೆಳ್ಳಗೆ ಎದ್ದು ನಿಂತಿತು. ಬಾಯಲ್ಲಿ ಸಣ್ಣಗೆ ಹಾಡು ನಡೆದೇ ಇತ್ತು. "ಕೈ ನಡುಗಲ್ವಾ ಅಮ್ಮ?" ಎಂದೆ. "ನಡುಗ್ತದೆ, ಗೆರೆ ಹಾಕುವಾಗ ಇಲ್ಲ" ಎಂದರು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ಈ ಬಣ್ಣಗಳು ಅಂಗಡಿಯ ಪೇಂಟಿನ ಹಾಗೆ ಗಟ್ಟಿ ಅಲ್ಲ. ಒರಗಿ ಕೂತರೆ ಬೆನ್ನಿಗೆ ಬರುತ್ತದೆ. ಬೆವರಿದ ಬೆರಳು ಇಟ್ಟರೆ ಗೆರೆ ಕದಡುತ್ತದೆ. ಫೋಟೋಗೆಂದು ಗೋಡೆಗೆ ಕೈಯೂರಿ ನಿಲ್ಲುವವರನ್ನು ನೋಡಿದ್ದೇನೆ, ಆಮೇಲೆ ಆ ಜಾಗದಲ್ಲಿ ಕೈಯಚ್ಚು ಉಳಿಯುತ್ತದೆ. ಗೋಡೆಯಿಂದ ಒಂದು ಮಾರು ದೂರ ಇರಿ. ಮಕ್ಕಳಿಗೂ ಮೊದಲೇ ಹೇಳಿ ಕರೆದುಕೊಂಡು ಬನ್ನಿ.

ಮೂಲೆಯಲ್ಲಿ ಒಂದು ಬುಟ್ಟಿ ತೂಗುಹಾಕಿದ್ದರೆ ಅದನ್ನು ನೋಡದೆ ಮುಂದೆ ಹೋಗಬೇಡಿ. ಅದು ಭೂಮಣ್ಣಿ ಬುಟ್ಟಿ. ದಸರಾ ಆದ ಮೇಲೆ ಬರುವ ಭೂಮಿ ಹುಣ್ಣಿಮೆಗೆ ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ ಮಾಡಿ, ಅದರಲ್ಲಿ ತುಂಬಿ, ಬೆಳಕು ಹರಿಯುವ ಮುಂಚೆ ಗದ್ದೆಗೆ ಒಯ್ದು ಭೂಮಿತಾಯಿಗೆ ಬಡಿಸುತ್ತಾರೆ. ತೆನೆ ಕಟ್ಟುತ್ತಿರುವ ಭತ್ತದ ಗದ್ದೆ ಎಂದರೆ ಬಸುರಿ ಹೆಂಗಸು, ಆಕೆಗೆ ಬಯಕೆ ಊಟ. ಇಷ್ಟು ಗೊತ್ತಿದ್ದು ಆ ಬುಟ್ಟಿ ನೋಡಿದರೆ ಅದು ಬೇರೆಯೇ ಕಾಣುತ್ತದೆ, ಅಲ್ವಾ?

ಅದರ ಪಕ್ಕದಲ್ಲಿ ದೋಣಿ ಬೋರಲು ಹಾಕಿದಂತೆ ಕಾಣುವುದು ಗೊರಬು. ಬಿದಿರು ಸಲಾಕೆ ಹೆಣೆದು ಎಲೆ ತುಂಬಿಸಿ ಮಾಡಿದ್ದು. ಮಳೆಯಲ್ಲಿ ಬಗ್ಗಿ ಭತ್ತದ ಸಸಿ ನೆಡುವವರ ತಲೆ, ಬೆನ್ನು ಎರಡನ್ನೂ ಅದು ಕಾಯುತ್ತಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಹೆಣೆಯುವವರು ಕಡಿಮೆಯಾದರು. ಆ ಮನೆಯವರು ಅದರ ಒಳಗೊಂದು ಬಲ್ಬು ಇಟ್ಟಿದ್ದಾರೆ. ಸಂಜೆ ಹೊತ್ತಿಸಿದರೆ ಹೆಣಿಗೆಯ ಕಣ್ಣುಗಳ ನೆರಳು ಮಾಡಿನ ತುಂಬ ಬೀಳುತ್ತದೆ.

ಬಚ್ಚಲಿಗೂ ಒಮ್ಮೆ ಹೋಗಿ ಬನ್ನಿ. ಆ ಮನೆಯ ಮಗಳು ಚಿತ್ರಕಲೆ ಓದಿದವಳು, ಬಚ್ಚಲ ಗೋಡೆಗೆ ಮಲೆನಾಡಿನ ಕಪ್ಪೆಗಳನ್ನು ಬರೆದಿದ್ದಾಳೆ. ಎಲೆಯಷ್ಟು ಹಸಿರಿನದು, ಉಗುರಿನಷ್ಟು ಚಿಕ್ಕದು, ಗಂಟಲು ಬಲೂನಿನಂತೆ ಉಬ್ಬಿಸಿಕೊಂಡದ್ದು. ನನ್ನ ತಂಗಿಯ ಮಗ ಕೈ ತೊಳೆಯಲು ಹೋದವನು ಇಪ್ಪತ್ತಮೂರು ಎಣಿಸಿಕೊಂಡು ಬಂದ. ಒಂದು ಕಪ್ಪೆ ನಿಜವಾದದ್ದು ಎಂದು ಆಮೇಲೆ ಗೊತ್ತಾಯಿತು.

ಎಲೆಯ ಮುಂದೆ

ಮೆನು ಇರುವುದಿಲ್ಲ. ಅವತ್ತು ತೋಟ, ಬೇಣದಲ್ಲಿ (ಮನೆ ಹತ್ತಿರದ ಹುಲ್ಲುಗಾವಲು) ಏನು ಸಿಕ್ಕಿತೋ ಅದು. ಬಾಳೆಲೆ ಹಾಕುತ್ತಾರೆ, ನೀರು ಚಿಮುಕಿಸಿ ಒರೆಸಿಕೊಳ್ಳಿ.

ಮೊದಲ ಅನ್ನಕ್ಕೆ ತಂಬುಳಿ. ಒಂದೆಲಗದ್ದೋ, ದೊಡ್ಡಪತ್ರೆಯದ್ದೋ ಇರುತ್ತದೆ. ಸೊಪ್ಪು ಬಾಡಿಸಿ, ಕಾಯಿ, ಜೀರಿಗೆ, ಕಾಳುಮೆಣಸಿನ ಜತೆ ಅರೆದು ಮಜ್ಜಿಗೆಗೆ ಹಾಕಿದ್ದು. ತಣ್ಣಗೆ ಇರುತ್ತದೆ. ಬಿಸಿ ಮಾಡಿ ಕೊಡಿ ಎಂದು ಕೇಳಬೇಡಿ, ಅದು ಇರಬೇಕಾದ್ದೇ ಹಾಗೆ. ಅನ್ನ ಒಂದೇ ಸಲ ಜಾಸ್ತಿ ಹಾಕಿಸಿಕೊಳ್ಳಬೇಡಿ, ಇನ್ನೂ ಸಾರು, ಹುಳಿ, ಮಜ್ಜಿಗೆ ಬರುವುದಿದೆ.

ಮಳೆಗಾಲದ ಎಲೆಯಲ್ಲಿ ಕಳಲೆ ಪಲ್ಯ ಇದ್ದರೆ ಅದರ ಹಿಂದೆ ಎರಡು ಮೂರು ದಿನದ ಕೆಲಸ ಇದೆ. ಎಳೆ ಬಿದಿರಿನ ಮೊಳಕೆಯನ್ನು ಹೆಚ್ಚಿ, ನೀರಲ್ಲಿ ನೆನೆಸಿ, ದಿನವೂ ನೀರು ಬದಲಿಸುತ್ತಾರೆ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಅದು ಆ ನೀರಿನ ಜತೆ ಹೋಗಬೇಕು. ಹಿಂದಿನ ಸಂಜೆ ಫೋನ್ ಮಾಡಿ ಕಳಲೆ ಬೇಕು ಎಂದರೆ ಆಗುವುದಿಲ್ಲ ಎನ್ನುವುದು ಇದಕ್ಕೇ. ಎಲೆಗೆ ಹಿಟ್ಟು ಬಳಿದು ಸುತ್ತಿ ಬೇಯಿಸುವ ಪತ್ರೊಡೆಯ ಕೆಸುವೂ ಹಾಗೇ. ಹುಳಿ ಸರಿಯಾಗಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಹುಳಿ ಎಷ್ಟು ಎನ್ನುವುದು ಅಡುಗೆಯವರ ಕೈಗೇ ಗೊತ್ತು.

ಬೇಸಿಗೆಯಲ್ಲಿ ಅಪ್ಪೆಹುಳಿ ಕೊಡುತ್ತಾರೆ. ಮಾವಿನ ಮಿಡಿ ಬೇಯಿಸಿ ಕಿವುಚಿ, ನೀರು ಮಾಡಿ, ಇಂಗು ಒಗ್ಗರಣೆ ಕೊಟ್ಟ ತಿಳಿ ಸಾರು. ಅನ್ನಕ್ಕೆ ಹಾಕಿಕೊಳ್ಳುವುದಕ್ಕಿಂತ ಲೋಟದಲ್ಲಿ ಕುಡಿಯುವುದೇ ಜಾಸ್ತಿ. ಮೂರು ಲೋಟ ಕುಡಿದವರಿಗೆ ಕಣ್ಣು ಎಳೆಯುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಗಾಡಿ ಓಡಿಸುವವರು ಒಂದೇ ಲೋಟಕ್ಕೆ ನಿಲ್ಲಿಸಿ, ಇಲ್ಲವಾದರೆ ಜಗಲಿಯಲ್ಲಿ ಅರ್ಧ ಗಂಟೆ ಮಲಗಿ ಎದ್ದು ಹೊರಡಿ. ಚಾಪೆ ಕೇಳಿದರೆ ಕೊಡುತ್ತಾರೆ.

ತೊಡೆದೇವು ಮಾಡುವ ದಿನ ಸಿಕ್ಕರೆ ಒಲೆಯ ಹತ್ತಿರ ನಿಂತು ನೋಡಲು ಕೇಳಿಕೊಳ್ಳಿ. ಬೆಂಕಿಯ ಮೇಲೆ ಮಡಕೆ ಬೋರಲು. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳಗಿನ ಅಕ್ಕಿ ಹಿಟ್ಟಿಗೆ ಬಟ್ಟೆ ಸುತ್ತಿದ ಕಡ್ಡಿ ಅದ್ದಿ, ಮಡಕೆಯ ಬೆನ್ನ ಮೇಲೆ ಒಮ್ಮೆ ತೊಡೆಯುತ್ತಾರೆ. ಹಿಟ್ಟು ಚುಂಯ್ ಎಂದು ಅಂಟಿ, ಅಂಚು ಏಳುತ್ತದೆ. ಅದನ್ನು ಬಿಸಿ ಇರುವಾಗಲೇ ಎತ್ತಿ ಮಡಚಬೇಕು, ಒಂದು ಕ್ಷಣ ತಡವಾದರೂ ಪುಡಿ. ಕಾಗದಕ್ಕಿಂತ ತೆಳು. ಗೋಡೆಯ ಗೆರೆ ಎಳೆಯುವ ಕೈಗೂ ಇದನ್ನು ತೊಡೆಯುವ ಕೈಗೂ ನನಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ.

ಬೇಕಾದ್ದನ್ನು ಕೇಳಿ ಹಾಕಿಸಿಕೊಳ್ಳಿ, ಬೇಡದ್ದಕ್ಕೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಎಲೆಯಲ್ಲಿ ಬಿಡಬೇಡಿ. ಊಟ ಆದ ಮೇಲೆ ಕವಳದ (ಎಲೆ ಅಡಿಕೆ) ತಟ್ಟೆ ಬರುತ್ತದೆ. ಅಭ್ಯಾಸ ಇಲ್ಲದವರು ಬೇಡ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದುಡ್ಡು, ಫೋಟೋ, ಕೊಳ್ಳುವುದು

ನಗದು ತೆಗೆದುಕೊಂಡು ಹೋಗಿ, ಚಿಲ್ಲರೆ ಸಮೇತ. ಯುಪಿಐಗೆ ಇಂಟರ್ನೆಟ್ ಬೇಕಲ್ಲ, ಅದಕ್ಕೆ ಗುಡ್ಡ ಹತ್ತಬೇಕಾಗುತ್ತದೆ.

ಫೋಟೋಗೆ ಮೊದಲು ಕೇಳಿ. ಗೋಡೆಯದ್ದಕ್ಕೆ ಬೇಡ ಎನ್ನುವವರು ಕಡಿಮೆ. ಅಡುಗೆಮನೆ, ಮನೆಯ ಹೆಂಗಸರು, ದೇವರ ಕೋಣೆ ಇವುಗಳದ್ದಕ್ಕೆ ಬೇರೆಯಾಗಿಯೇ ಕೇಳಬೇಕು. ಆ ಚಿತ್ರ ಯಾರು ಬರೆದದ್ದು ಎಂದು ಕೇಳಿ ತಿಳಿದುಕೊಳ್ಳಿ. ಎಲ್ಲಾದರೂ ಹಾಕುವುದಾದರೆ, ಅವರು ಒಪ್ಪಿದರೆ, ಅವರ ಹೆಸರನ್ನೂ ಹಾಕಿ. ಚಿತ್ತಾರದ ಗೆರೆಗಳು ಈಗ ಟೀ ಶರ್ಟು, ಚೀಲ, ಕಾಫಿ ಮಗ್ಗಿನ ಮೇಲೆಲ್ಲ ಬಂದಿವೆ. ಬರೆದ ಕೈಯ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ನನಗೆ ಇದು ತುಂಬ ನೋವಿನ ವಿಷಯ. ಜಾಗ ಎಲ್ಲಿ ಎಂದು ಗುರುತು ಹಾಕಬಹುದಾ ಎನ್ನುವುದನ್ನೂ ಮನೆಯವರನ್ನೇ ಕೇಳಿ.

ಮಾರಾಟಕ್ಕೆ ಇಟ್ಟಿದ್ದರೆ ಕೊಳ್ಳಿ, ಚೌಕಾಸಿ ಮಾಡಬೇಡಿ. ಒಂದು ಪುಟ್ಟ ಭೂಮಣ್ಣಿ ಬುಟ್ಟಿಯ ಹಿಂದೆ ಬಿದಿರು ಹೆಣೆದವರು ಒಬ್ಬರು, ಬರೆದವರು ಇನ್ನೊಬ್ಬರು ಇರುತ್ತಾರೆ. ಮನೆಗೆ ತಂದ ಮೇಲೆ ನೀರು ತಾಗದ, ಬಿಸಿಲು ನೇರ ಬೀಳದ ಕಡೆ ಇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಮೆತ್ತಗಿನ ಒಣ ಬ್ರಷ್ ಸಾಕು.

ಹೊರಡುವಾಗ

ಮಳೆಗಾಲದಲ್ಲಿ ನಾಲ್ಕು ಗಂಟೆಯೊಳಗೆ ಹೊರಟುಬಿಡಿ, ಸಂಕ ದಾಟುವ ಹೊತ್ತಿಗೆ ಬೆಳಕಿರಲಿ. ನೀವು ತಂದ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಕವರ್ ನಿಮ್ಮ ಜತೆಯೇ ವಾಪಸ್ ಹೋಗಲಿ. ಅಲ್ಲಿ ಕಸದ ಗಾಡಿ ಬರುವುದಿಲ್ಲ. ಹೋಗಿ ಬರುತ್ತೇವೆ ಎಂದು ಅಡುಗೆಮನೆಯಲ್ಲಿ ಇರುವವರಿಗೂ ಹೇಳಿ. ಬಡಿಸಿದವರು ಎದುರಿಗೆ ಕಾಣುತ್ತಾರೆ, ಬೇಯಿಸಿದವರು ಎಷ್ಟೋ ಸಲ ಒಳಗೇ ಉಳಿದುಬಿಡುತ್ತಾರೆ.

ಉಣಗೋಲು ಹಾಕಲು ಮರೆಯಬೇಡಿ.

"ಮುಟ್ಟಿದ ಮೇಲೆ ಒಂದು ಫೋನ್ ಮಾಡಿ" ಎಂದು ಮನೆಯವರು ಹೇಳಿರುತ್ತಾರೆ. ಆ ಮನೆಯೊಡತಿ ಮಳೆಯ ದಿನ ಬಂದವರೆಲ್ಲ ಡಾಂಬರು ರಸ್ತೆ ಮುಟ್ಟಿದ ಸುದ್ದಿ ಬರುವವರೆಗೂ ಮೊಬೈಲನ್ನು ಕಿಟಕಿಯ ಮೇಲೆ, ಸಿಗ್ನಲ್ ಸಿಗುವ ಒಂದೇ ಜಾಗದಲ್ಲಿ, ಇಟ್ಟುಕೊಂಡು ಕೂತಿರುತ್ತಾರೆ. ಸಾಗರ ಪೇಟೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಗಾಡಿ ಪಕ್ಕಕ್ಕೆ ಹಾಕಿ, ಅವರಿಗೊಂದು ಫೋನ್ ಮಾಡಿ.